ಈರುಳ್ಳಿ ಯಾರಿಗೆ ಬೇಡ ಅಂದರು?

ಲೆಟ್ಯೂಸ್ ಗೊತ್ತಲ್ಲ? ಬರ್ಗರ್ ಮಧ್ಯೆ ಸಿಕ್ಕಿಕೊಂಡಿರುವ ಹಸಿರೆಲೆ. ಹೇಳಿಕೊಳ್ಳುವಂಥ ರುಚಿ ಇಲ್ಲ, ವಾಸನೆ ಇಲ್ಲ, ಯಾರೂ ಅದನ್ನು ಕೇಳಿ ಹಾಕಿಸಿಕೊಳ್ಳುವುದಿಲ್ಲ. ಆದರೆ ಸುಮಾರು 4000 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಅದು ಮಿನ್ ಎಂಬ ದೇವರ ನೈವೇದ್ಯವಾಗಿತ್ತು. ಅಲ್ಲಿನ ದೇವಸ್ಥಾನಗಳ ಗೋಡೆಗಳಲ್ಲಿ ಈ ಮಿನ್ ನಿಂತಿರುವ ಭಂಗಿ ನೋಡಿದರೆ ಅವನು ಯಾವ ಖಾತೆಯ ದೇವರು ಅಂತ ಯಾರೂ ವಿವರಿಸಬೇಕಾಗಿಲ್ಲ. ಅವನ ಬೆನ್ನ ಹಿಂದೆ ಉದ್ದುದ್ದ ಬೆಳೆದು ನಿಂತ ಲೆಟ್ಯೂಸ್ ಗಿಡಗಳು. ಆ ಕಾಲದ ಲೆಟ್ಯೂಸ್ ಇವತ್ತಿನ ಹಾಗೆ ಉಂಡೆಯಾಗಿರಲಿಲ್ಲ, ನೆಟ್ಟಗೆ ಮೇಲಕ್ಕೆ ಏಳುತ್ತಿತ್ತು, ದಂಟು ಮುರಿದರೆ ಬಿಳಿ ಹಾಲು ಸುರಿಯುತ್ತಿತ್ತು. ಇಷ್ಟು ಸಾಕಾಯಿತು. ಗಂಡಸುತನಕ್ಕೆ ಇದೇ ಮದ್ದು ಅಂತ ತೀರ್ಮಾನವಾಯಿತು.

ಅದೇ ಎಲೆ ಸಮುದ್ರ ದಾಟಿ ಗ್ರೀಸಿಗೆ ಹೋದಾಗ ಕಥೆ ಪೂರ್ತಿ ತಿರುಗಿಬಿತ್ತು. ಅಲ್ಲಿನ ಪ್ರೇಮದೇವತೆ ಅಫ್ರೊಡೈಟಿ, ತನ್ನ ಪ್ರಿಯಕರ ಅಡೋನಿಸ್ ಸತ್ತಾಗ ಅವನನ್ನು ಮಲಗಿಸಿದ್ದು ಲೆಟ್ಯೂಸ್ ಎಲೆಗಳ ನಡುವೆ ಅಂತ ಪುರಾಣ. ಹಾಗಾಗಿ ಅದು ಹೆಣದ ಊಟ, ತಿಂದ ಗಂಡಸು ಹಾಸಿಗೆಯಲ್ಲಿ ಕೆಲಸಕ್ಕೆ ಬರುವುದಿಲ್ಲ ಅಂತ ಅವರ ಹಾಸ್ಯನಾಟಕಗಳಲ್ಲಿ ಗೇಲಿ ನಡೆಯುತ್ತಿತ್ತು. ಒಂದೇ ಸೊಪ್ಪು, ಅತ್ತ ದಡದಲ್ಲಿ ಉರಿಸುತ್ತೆ, ಇತ್ತ ದಡದಲ್ಲಿ ಆರಿಸುತ್ತೆ. ಇಬ್ಬರೂ ಅದನ್ನು ಶತಮಾನಗಟ್ಟಲೆ ತಿಂದವರೇ. ಇಬ್ಬರಿಗೂ ಅನುಭವದಿಂದ ಏನೂ ಗೊತ್ತಾಗಲಿಲ್ಲ ಅನ್ನೋದನ್ನು ಗಮನಿಸಿ.

ಕಾಮೋತ್ತೇಜಕ ಆಹಾರಗಳ ಪಟ್ಟಿ ಮಾಡಲು ಹೊರಟರೆ ಮುಗಿಯುವುದೇ ಇಲ್ಲ. ಆಕಾರ ನೋಡಿ ನಂಬಿದ್ದು ಒಂದಷ್ಟು: ಶತಾವರಿ, ಕ್ಯಾರೆಟ್, ಬಾಳೆಹಣ್ಣು, ಜೋಡಿ ಗೆಡ್ಡೆ ಬಿಡುವ ಆರ್ಕಿಡ್‌ಗಳು. ಈ ಆರ್ಕಿಡ್ ಗೆಡ್ಡೆಯ ಪುಡಿಯನ್ನೇ ಟರ್ಕಿಯಲ್ಲಿ ಹಾಲಿಗೆ ಹಾಕಿ ಸಲೇಪ್ ಅಂತ ಕುಡಿಯುತ್ತಾರೆ, ನಮ್ಮಲ್ಲಿ ಗ್ರಂಧಿಗೆ ಅಂಗಡಿಗಳಿಗೆ ಹಿಮಾಲಯದ ಕಡೆಯಿಂದ ಬರುವ ಸಾಲಂ ಪಂಜಾ ಕೂಡ ಅದೇ ಜಾತಿಯದು. ಅದರಲ್ಲಿರುವುದು ಮುಖ್ಯವಾಗಿ ಗಂಜಿಯಂತೆ ಗಟ್ಟಿಯಾಗುವ ನಾರು. ಕೆಲಸ ಮಾಡುತ್ತೋ ಇಲ್ಲವೋ, ಆ ನಂಬಿಕೆಗೆ ಕಾಡಿನ ಗಿಡವಂತೂ ಬೇರು ಸಮೇತ ಖಾಲಿಯಾಗುತ್ತಿದೆ. ಇನ್ನೊಂದಷ್ಟು ಬರೀ ಅಪರೂಪ ಅನ್ನೋ ಕಾರಣಕ್ಕೆ ಪಟ್ಟಿ ಸೇರಿದವು. ಅಮೆರಿಕ ಖಂಡದಿಂದ ಆಲೂಗಡ್ಡೆ, ಸಿಹಿಗೆಣಸು ಹೊಸದಾಗಿ ಯುರೋಪಿಗೆ ಬಂದಾಗ ಅವೂ ಕಾಮೋತ್ತೇಜಕವೇ. ಶೇಕ್ಸ್‌ಪಿಯರ್ ನಾಟಕದ ಒಂದು ಪಾತ್ರ, ಫಾಲ್‌ಸ್ಟಾಫ್, ಪ್ರಣಯದ ಉಮೇದಿನಲ್ಲಿ ಆಕಾಶದಿಂದ ಪೊಟೇಟೊ ಮಳೆ ಸುರಿಯಲಿ ಅನ್ನುತ್ತಾನೆ. ಆಮೇಲೆ ಆಲೂಗಡ್ಡೆ ಬಡವರ ಊಟವಾಯಿತು, ಅದರ ಶಕ್ತಿಯೂ ಮಾಯವಾಯಿತು. ಇವತ್ತು ಆಲೂಗಡ್ಡೆ ಪಲ್ಯ ತಿಂದು ಯಾರೂ ನಾಚಿಕೊಳ್ಳುವುದಿಲ್ಲ, ಅಲ್ವಾ?

ನುಗ್ಗೆಕಾಯಿಗೆ ಮಾತ್ರ ನಾಚಿಕೊಳ್ಳುತ್ತೇವೆ. ಅದಕ್ಕೆ ಸಿನಿಮಾದ ಪಾಲೂ ಇದೆ. 1983ರ ಒಂದು ತಮಿಳು ಸಿನಿಮಾದಲ್ಲಿದ್ದ ನುಗ್ಗೆಕಾಯಿ ತಮಾಷೆ, ಅದರ ರೀಮೇಕ್ ಆದ ‘ಹಳ್ಳಿ ಮೇಷ್ಟ್ರು’ ಮೂಲಕ ಕನ್ನಡಕ್ಕೂ ಬಂತು, ಬಂದದ್ದು ಹೋಗಲೇ ಇಲ್ಲ. ನುಗ್ಗೆ ಮೇಲೆ ಇಲಿಗಳಲ್ಲಿ ಪ್ರಯೋಗ ನಡೆದಿದೆ ಅಂತ ವಾಟ್ಸಾಪಿನಲ್ಲಿ ಬರುವುದು ನಿಜವೇ. ಆದರೆ ಇಲಿಗೆ ಕೊಡುವುದು ಗಟ್ಟಿ ಸಾರಸತ್ವ, ನಮ್ಮ ತಟ್ಟೆಗೆ ಬರುವುದು ಸಾಂಬಾರಿನ ನಾಲ್ಕು ಹೋಳು.

ಹಾಗಾದರೆ ಯಾವ ಊರಿನವರು ಯಾವುದನ್ನು ನಿಜವಾಗಿ ನಂಬಿದ್ದರು ಅಂತ ತಿಳಿಯುವುದು ಹೇಗೆ? ನನ್ನ ಪ್ರಕಾರ ಯಾರಿಗೆ ತಿನ್ನಿಸಿದರು ಅನ್ನೋದಕ್ಕಿಂತ ಯಾರಿಗೆ ತಿನ್ನಬೇಡ ಅಂದರು ಅನ್ನೋದನ್ನು ನೋಡಬೇಕು. ಔಷಧಿ ಅಂತ ತಿನ್ನಿಸುವವನು ಸುಮ್ನೆ ಒಂದು ಕೈ ನೋಡೋಣ ಅಂತ ತಿನ್ನಿಸಿರಬಹುದು. ನಿಷೇಧ ಹಾಗಲ್ಲ, ಅದು ಗಾಬರಿಯಿಂದ ಹುಟ್ಟಿದ್ದು.

ಮನುಸ್ಮೃತಿಯಲ್ಲಿ ಬ್ರಹ್ಮಚಾರಿ ಬಿಡಬೇಕಾದವುಗಳ ಒಂದು ಶ್ಲೋಕ ಇದೆ. ಮಧು, ಮಾಂಸ, ಗಂಧ, ಮಾಲೆ, ರುಚಿರುಚಿಯಾದ ರಸಗಳು, ಆಮೇಲೆ ಹೆಂಗಸರು, ಎಲ್ಲವೂ ಒಂದೇ ಸಾಲಿನಲ್ಲಿ. ಊಟದ ರುಚಿಯೂ ಹೆಣ್ಣೂ ಪಕ್ಕಪಕ್ಕ ಕೂತಿವೆ. ಬೆಳ್ಳುಳ್ಳಿ ಈರುಳ್ಳಿಗಳನ್ನು ಇನ್ನೊಂದು ಕಡೆ ಬೇರೆಯಾಗಿ ನಿಷೇಧಿಸಿದ್ದಾರೆ. ಚೀನಾದ ಬೌದ್ಧರು ಇನ್ನೂ ಖಚಿತವಾಗಿದ್ದರು. ಅವರ ಶೂರಂಗಮ ಸೂತ್ರದ ಪ್ರಕಾರ ಈರುಳ್ಳಿ ಬೆಳ್ಳುಳ್ಳಿಯಂಥ ಐದು ಘಾಟಿನ ತರಕಾರಿಗಳನ್ನು ಬೇಯಿಸಿ ತಿಂದರೆ ಕಾಮ ಹೆಚ್ಚುತ್ತೆ, ಹಸಿಯಾಗಿ ತಿಂದರೆ ಕೋಪ ಹೆಚ್ಚುತ್ತೆ. ಬಂಗಾಳದಲ್ಲಿ ಮೇಲ್ಜಾತಿಯ ವಿಧವೆಯರಿಗೆ ಮೀನು, ಈರುಳ್ಳಿ, ಬೆಳ್ಳುಳ್ಳಿ ಅಷ್ಟೇ ಅಲ್ಲ, ಮಸೂರ್ ಬೇಳೆಯನ್ನೂ ಬಿಡಿಸುತ್ತಿದ್ದರು, ಮೈಗೆ ಉಷ್ಣ ಅಂತ. ನಮ್ಮ ಕಡೆಯ ಬ್ರಾಹ್ಮಣರ ಮನೆಗಳಲ್ಲಿ ಗಂಡ ಸತ್ತ ಹುಡುಗಿಗೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಎಲೆ ಅಡಿಕೆ ಬಿಡಿಸಿ, ಒಪ್ಪೊತ್ತಿನ ಊಟಕ್ಕೆ ಇಳಿಸುತ್ತಿದ್ದರು. ತಾಂಬೂಲ ಎಂಟು ಭೋಗಗಳಲ್ಲಿ ಒಂದು, ಹಾಗಾಗಿ ಸನ್ಯಾಸಿಗೂ ಬ್ರಹ್ಮಚಾರಿಗೂ ವಿಧವೆಗೂ ಅದು ಸಲ್ಲದು.

ಇದೇನು ನಮ್ಮ ದೇಶದ್ದೇ ಹುಚ್ಚು ಅಂದುಕೊಳ್ಳಬೇಡಿ. 1830ರ ದಶಕದ ಅಮೆರಿಕದಲ್ಲಿ ಸಿಲ್ವೆಸ್ಟರ್ ಗ್ರಹಾಂ ಅನ್ನೋ ಪಾದ್ರಿ ಊರೂರು ತಿರುಗಿ ಇದೇ ಮಾತು ಹೇಳುತ್ತಿದ್ದ. ಮಾಂಸ, ಸಾಸಿವೆ, ಮೆಣಸು, ಕಾಫಿ ಎಲ್ಲ ಬಿಡಿ, ಅವು ಯುವಕರ ಆಸೆ ಕೆರಳಿಸುತ್ತವೆ, ಹೊಟ್ಟು ತೆಗೆಯದ ಹಿಟ್ಟಿನ ಸಪ್ಪೆ ರೊಟ್ಟಿ ತಿನ್ನಿ ಅಂತ. ಅವನ ಹಾದಿಯಲ್ಲೇ ಬಂದವರು ಬ್ಯಾಟಲ್ ಕ್ರೀಕ್ ಊರಿನ ಡಾಕ್ಟರ್ ಜಾನ್ ಹಾರ್ವಿ ಕೆಲಾಗ್. ಹೌದು, ಅದೇ ಕೆಲಾಗ್. ಕಾರ್ನ್‌ಫ್ಲೇಕ್ಸ್ ಕಂಡುಹಿಡಿದದ್ದೇ ಹಸ್ತಮೈಥುನ ನಿಲ್ಲಿಸೋದಕ್ಕೆ ಅಂತ ಈಗ ಎಲ್ಲ ಕಡೆ ಓಡಾಡುವ ಕಥೆ ಸ್ವಲ್ಪ ಉಪ್ಪು ಖಾರ ಹಚ್ಚಿದ್ದು. ಫ್ಲೇಕ್ಸ್ ಅನ್ನು ಅವರು ಸುಲಭವಾಗಿ ಜೀರ್ಣವಾಗುವ ರೋಗಿಗಳ ಊಟ ಅಂತಲೇ ಮಾಡಿದ್ದು. ಆದರೆ ಸಪ್ಪೆ ಊಟ ಆಸೆಯನ್ನು ತಣ್ಣಗಿಡುತ್ತದೆ ಅನ್ನೋ ನಂಬಿಕೆ ಅವರಿಗೆ ಗಟ್ಟಿಯಾಗಿಯೇ ಇತ್ತು, ಪುಸ್ತಕದಲ್ಲೂ ಬರೆದಿದ್ದಾರೆ. ತಮ್ಮ ವಿಲ್ 1906ರಲ್ಲಿ ಬೇರೆ ಕಂಪನಿ ಮಾಡಿ ಅದಕ್ಕೆ ಸಕ್ಕರೆ ಸೇರಿಸಿದಾಗ ಅಣ್ಣ ತಮ್ಮಂದಿರ ಜಗಳ ಕೋರ್ಟಿನವರೆಗೂ ಹೋಯಿತು.

ಈಗ ನೋಡಿ. ಈರುಳ್ಳಿ ಬಿಟ್ಟರೆ ಆಸೆ ಕಮ್ಮಿಯಾಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಆದರೆ ಅದರ ಜೊತೆ ಹೇಳಿದ ಇನ್ನೊಂದು ಮಾತು, ಒಪ್ಪೊತ್ತಿನ ಊಟ, ಅಂದರೆ ಅರೆಹೊಟ್ಟೆ, ಅದು ಮಾತ್ರ ಕೆಲಸ ಮಾಡುತ್ತೆ. ಅದನ್ನು ಅಳೆದು ನೋಡಿದ್ದಾರೆ.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತು, 1944-45. ಯುರೋಪಿನಲ್ಲಿ ಹಸಿದ ಲಕ್ಷಾಂತರ ಜನಕ್ಕೆ ಊಟ ಕೊಟ್ಟು ಮತ್ತೆ ಚೇತರಿಸಿಕೊಳ್ಳುವಂತೆ ಮಾಡುವುದು ಹೇಗೆ ಅಂತ ತಿಳಿಯಬೇಕಿತ್ತು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಜನ ಆರೋಗ್ಯವಂತ ಯುವಕರನ್ನು ಒಪ್ಪಿಸಿ, 24 ವಾರ ಅರೆಹೊಟ್ಟೆಯಲ್ಲಿ ಇಟ್ಟರು. ಯುದ್ಧದಲ್ಲಿ ಗುಂಡು ಹೊಡೆಯುವುದಿಲ್ಲ ಅಂತ ಹಟ ಹಿಡಿದವರು ಇವರು, ಸೇವೆ ಅಂತ ಇದಕ್ಕೆ ಬಂದರು. ಬ್ರೆಡ್ಡು, ಆಲೂಗಡ್ಡೆ, ಟರ್ನಿಪ್ ಗೆಡ್ಡೆ, ಮ್ಯಾಕರೋನಿ, ದಿನಕ್ಕೆ ಸುಮಾರು 1570 ಕ್ಯಾಲೊರಿ. ಮೈತೂಕದ ಕಾಲು ಭಾಗ ಇಳಿಯಿತು. ಅದರ ಜೊತೆಗೇ ಹೆಣ್ಣಿನ ಬಗ್ಗೆ ಆಸಕ್ತಿ ಹೊರಟೇ ಹೋಯಿತು. ಕನಸಿನಲ್ಲೂ ಊಟ, ಹಾಸಿಗೆ ಪಕ್ಕದಲ್ಲಿ ಅಡುಗೆ ಪುಸ್ತಕ. ಕಾಯಿಲೆ ಬಿದ್ದ ಆಯ್ಸ್ಟರ್‌ಗೆ, ಅಂದರೆ ಕಡಲ ಸಿಂಪಿಗೆ, ಎಷ್ಟು ಆಸೆ ಇರುತ್ತೋ ನನಗೂ ಅಷ್ಟೇ ಅಂತ ಒಬ್ಬ ಹೇಳಿದ್ದು ದಾಖಲಾಗಿದೆ.

ಇದರ ಒಳಗಿನ ಲೆಕ್ಕ ಈಗ ಚೆನ್ನಾಗಿ ಗೊತ್ತಿದೆ. ಮೈಯಲ್ಲಿ ಎಷ್ಟು ಕೊಬ್ಬು ಕೂಡಿಟ್ಟಿದೆ ಅನ್ನೋ ಸುದ್ದಿಯನ್ನು ಲೆಪ್ಟಿನ್ ಅನ್ನೋ ಹಾರ್ಮೋನು ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್‌ಗೆ ಮುಟ್ಟಿಸುತ್ತದೆ. ದಾಸ್ತಾನು ಖಾಲಿ ಅಂತ ಗೊತ್ತಾದರೆ, ಬರಗಾಲದಲ್ಲಿ ಮನೆ ಯಜಮಾನ ಮದುವೆ ಮುಂದೂಡುವ ಹಾಗೆ, ಅದು ಸಂತಾನದ ಕೆಲಸವನ್ನೆಲ್ಲ ಮುಂದೂಡುತ್ತದೆ. ಟೆಸ್ಟೋಸ್ಟೆರಾನ್ ಇಳಿಯುತ್ತದೆ, ಹೆಂಗಸರಲ್ಲಿ ಮುಟ್ಟು ತಪ್ಪುತ್ತದೆ. ಮಡಿ ಹೆಂಗಸರಿಗೆ ಈರುಳ್ಳಿ ಬಿಡಿಸಿದವರು ಅದರಿಂದಲೇ ಫಲ ಸಿಕ್ಕಿತು ಅಂದುಕೊಂಡಿದ್ದರೆ, ಫಲ ಕೊಟ್ಟದ್ದು ರಾತ್ರಿಯ ಹಸಿವು.

ಈ ಕಡೆಯಿಂದ ನೋಡಿದಾಗ ನಮ್ಮ ಆಯುರ್ವೇದದ ವಾಜೀಕರಣ, ಅಂದರೆ ಕಾಮಶಕ್ತಿ ಹೆಚ್ಚಿಸುವ ಚಿಕಿತ್ಸೆ, ಬೇರೆಯೇ ರೀತಿ ಕಾಣುತ್ತದೆ. ಆಯುರ್ವೇದದ ಎಂಟು ಅಂಗಗಳಲ್ಲಿ ಅದೂ ಒಂದು, ಚರಕಸಂಹಿತೆಯ ಚಿಕಿತ್ಸಾಸ್ಥಾನದ ಎರಡನೇ ಅಧ್ಯಾಯ ಪೂರ್ತಿ ಅದಕ್ಕೇ ಮೀಸಲು. ಅದರಲ್ಲಿ ಮೊಸಳೆ ಮೊಟ್ಟೆಯಂಥ ವಿಚಿತ್ರಗಳೂ ಇವೆ, ಜನ ಎತ್ತಿ ಆಡುವುದು ಅವನ್ನೇ. ಆದರೆ ಮತ್ತೆ ಮತ್ತೆ ಬರುವುದು ಯಾವುದು? ಉದ್ದು, ಹಾಲು, ತುಪ್ಪ, ಸಕ್ಕರೆ, ಅಕ್ಕಿ. ಅಂದರೆ ಪ್ರೋಟೀನು, ಕೊಬ್ಬು, ಕ್ಯಾಲೊರಿ. ಹೊಟ್ಟೆ ತುಂಬ ಉಣ್ಣುವುದೇ ಅದೃಷ್ಟವಾಗಿದ್ದ ಕಾಲದಲ್ಲಿ, ಕಾಯಿಲೆ ಬಿದ್ದು ಎದ್ದವನಿಗೆ ತಿಂಗಳು ಕಾಲ ಉದ್ದಿನ ಪಾಯಸ, ತುಪ್ಪ ಕೊಟ್ಟರೆ ಅವನ ಹೈಪೊಥಲಾಮಸ್ ಒಪ್ಪದೇ ಇರುತ್ತದೆಯೇ? ಇನ್ನೊಂದು ಮಾತು, ಚರಕನೇ ಹೇಳುವ ಪ್ರಕಾರ ವಾಜೀಕರಣಗಳಲ್ಲೆಲ್ಲ ಶ್ರೇಷ್ಠ ಅಂದರೆ ಸಂತೋಷ ಕೊಡುವ ಹೆಣ್ಣು. ಪಟ್ಟಿ ಶುರುವಾಗುವುದೇ ಅಲ್ಲಿಂದ. ಲೇಹ್ಯ ಮಾರುವವರು ಆ ಸಾಲನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಿದ್ದು ನಾನು ಕಂಡಿಲ್ಲ.

ಆಯ್ಸ್ಟರ್ ವಿಷಯಕ್ಕೆ ಬರೋಣ, ಅದರ ಕಥೆ ಸುಳ್ಳಿನಿಂದ ಶುರುವಾಗಿ ನಿಜದ ಹತ್ತಿರ ಹೋಗುತ್ತದೆ. 18ನೇ ಶತಮಾನದ ರಸಿಕ ಕಾಸನೋವ ಬೆಳಗಿನ ತಿಂಡಿಗೆ 50 ಆಯ್ಸ್ಟರ್ ತಿನ್ನುತ್ತಿದ್ದನಂತೆ ಅನ್ನೋದು ಎಲ್ಲರೂ ಹೇಳುವ ಕಥೆ. ಇರಲಿ. ಈ ಕಡಲ ಸಿಂಪಿಯೊಳಗಿನ ಮಾಂಸದಲ್ಲಿ ಇರುವಷ್ಟು ಸತು, ಅಂದರೆ ಜಿಂಕ್, ಬೇರೆ ಯಾವ ಸಾಮಾನ್ಯ ಆಹಾರದಲ್ಲೂ ಇಲ್ಲ ಅನ್ನೋದು ಮಾತ್ರ ನಿಜ. ಜಿಂಕ್‌ಗೂ ಗಂಡಸುತನಕ್ಕೂ ಇರುವ ನಂಟನ್ನು ಕಂಡುಹಿಡಿದದ್ದು ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾಕ್ಟರ್ ಆನಂದ ಪ್ರಸಾದ್. ಅಮೆರಿಕದಲ್ಲಿ ಓದು ಮುಗಿಸಿ 1958ರಲ್ಲಿ ಇರಾನಿನ ಶಿರಾಜ್‌ಗೆ ಹೋಗಿದ್ದರು. ಅಲ್ಲಿ ಅವರ ಮುಂದೆ ಬಂದ ರೋಗಿಗೆ 21 ವರ್ಷ, ನೋಡಿದರೆ 10 ವರ್ಷದ ಹುಡುಗ. ಗಡ್ಡ ಮೀಸೆ ಇಲ್ಲ, ಜನನಾಂಗ ಬೆಳೆದಿಲ್ಲ, ಭಾರೀ ರಕ್ತಹೀನತೆ. ತಿನ್ನುತ್ತಿದ್ದದ್ದು ಹುದುಗು ಬರಿಸದ ಗೋಧಿ ರೊಟ್ಟಿ, ಜೊತೆಗೆ ಮಣ್ಣು. ಅಂಥವರು ಒಬ್ಬಿಬ್ಬರಲ್ಲ, ಸುತ್ತಮುತ್ತಲ ಹಳ್ಳಿಗಳಲ್ಲಿ ಸಾಮಾನ್ಯ. ಆಮೇಲೆ ಈಜಿಪ್ಟಿಗೆ ಹೋಗಿ ಇಂಥದೇ ಯುವಕರ ರಕ್ತ ಪರೀಕ್ಷಿಸಿದಾಗ ಜಿಂಕ್ ಕಮ್ಮಿ ಅಂತ ಗೊತ್ತಾಯಿತು. ಜಿಂಕ್ ಕೊಟ್ಟರು. ಕೆಲವೇ ತಿಂಗಳಲ್ಲಿ ಎತ್ತರ ಬೆಳೆಯತೊಡಗಿದರು, ತಡವಾದ ಪ್ರಾಯ ಬಂತು. ಮನುಷ್ಯನಿಗೆ ಜಿಂಕ್ ಕೊರತೆ ಆಗುವುದುಂಟಾ ಅಂತ ಆಗಿನ ಎಷ್ಟೋ ತಜ್ಞರು ನಂಬಲಿಲ್ಲ. ಅಮೆರಿಕ ದಿನಕ್ಕೆ ಇಷ್ಟು ಜಿಂಕ್ ಬೇಕು ಅಂತ ಅಧಿಕೃತವಾಗಿ ಒಪ್ಪಿದ್ದು 1974ರಲ್ಲಿ.

ರೊಟ್ಟಿಯಲ್ಲಿ ಜಿಂಕ್ ಇರಲಿಲ್ಲ ಅಂತಲ್ಲ. ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಅನ್ನೋ ವಸ್ತು ಜಿಂಕನ್ನು ಹಿಡಿದಿಟ್ಟುಕೊಂಡು ಕರುಳಿಗೆ ಸಿಗದ ಹಾಗೆ ಮಾಡುತ್ತದೆ. ಹುದುಗು ಬಂದರೆ ಈ ಫೈಟೇಟ್ ಒಡೆಯುತ್ತದೆ, ಮೊಳಕೆ ಬಂದರೂ ಒಡೆಯುತ್ತದೆ. ಧಾನ್ಯವೇ ಜಾಸ್ತಿ ತಿನ್ನುವ ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಗಂಡಸರಿಗೆ ದಿನಕ್ಕೆ 17 ಮಿಲಿಗ್ರಾಂ ಜಿಂಕ್ ಹೇಳುತ್ತದೆ, ಅಮೆರಿಕದಲ್ಲಿ 11 ಸಾಕು. ರಾತ್ರಿ ರುಬ್ಬಿಟ್ಟು ಉಬ್ಬಿಸಿದ ಉದ್ದಿನ ಇಡ್ಲಿ ಹಿಟ್ಟು ಈ ಲೆಕ್ಕದಲ್ಲಿ ಸುಮ್ಮನಾದದ್ದಲ್ಲ. ಹಾಗಂತ ಯಾರೂ ಇಡ್ಲಿಯನ್ನು ಪ್ರೇಮಿಗಳ ತಿಂಡಿ ಅನ್ನುವುದಿಲ್ಲ, ಆಕಾರವೂ ಸರಿಯಿಲ್ಲ, ಬೆಲೆಯೂ ಕಮ್ಮಿ.

1996ರಲ್ಲಿ ಪ್ರಸಾದ್ ತಂಡ ಇನ್ನೊಂದು ಪ್ರಯೋಗ ಪ್ರಕಟಿಸಿತು. ಚೆನ್ನಾಗಿದ್ದ ಯುವಕರ ಊಟದಲ್ಲಿ 20 ವಾರ ಜಿಂಕ್ ಕಡಿಮೆ ಮಾಡಿದಾಗ ಅವರ ಟೆಸ್ಟೋಸ್ಟೆರಾನ್ ಸುಮಾರು ಕಾಲು ಭಾಗಕ್ಕೆ ಇಳಿಯಿತು. ಸ್ವಲ್ಪ ಕೊರತೆ ಇದ್ದ ವಯಸ್ಸಾದವರಿಗೆ ಜಿಂಕ್ ಕೊಟ್ಟಾಗ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಅಂದರೆ ಕೊರತೆ ಇದ್ದವನಿಗೆ ಆಯ್ಸ್ಟರ್ ನಿಜಕ್ಕೂ ಮದ್ದು. ದಿನಾ ಮಾಂಸ ತಿನ್ನುತ್ತಿದ್ದ ಕಾಸನೋವನಿಗೆ ಅದು ಬರೀ ತಿಂಡಿ.

ಹೊಟ್ಟೆ ತುಂಬಿದವರ ಮೇಲೆ ಈ ಆಹಾರಗಳನ್ನು ಪರೀಕ್ಷಿಸಿದಾಗ ಸಿಗುವುದು ಹೆಚ್ಚಾಗಿ ನಿರಾಸೆಯೇ. ಚಾಕೊಲೇಟ್ ತೆಗೆದುಕೊಳ್ಳಿ. ಅಜ್ಟೆಕ್ ದೊರೆ ಮೊಕ್ಟೆಜುಮಾ ಹೆಂಗಸರ ಬಳಿ ಹೋಗುವ ಮುಂಚೆ ಚಿನ್ನದ ಬಟ್ಟಲಲ್ಲಿ ಕೋಕೋ ಕುಡಿಯುತ್ತಿದ್ದನೆಂದು ಸ್ಪೇನಿನ ಸೈನಿಕ ಬರ್ನಾಲ್ ಡಿಯಾಸ್ ಬರೆದಿಟ್ಟ, ಅಲ್ಲಿಂದ ಶುರುವಾಯಿತು. ಅದರಲ್ಲಿ ಪ್ರೀತಿ ಹುಟ್ಟಿಸುವ ಫೀನೈಲ್‌ಇಥೈಲಮೀನ್ ಇದೆ ಅಂತ ಫೆಬ್ರವರಿ ಬಂತೆಂದರೆ ಓದುತ್ತೇವೆ. ಇದೆ, ಸುಳ್ಳಲ್ಲ. ಆದರೆ ತಿಂದದ್ದು ಮೆದುಳು ಮುಟ್ಟುವ ಮೊದಲೇ ಮೈಯಲ್ಲಿರುವ ಕಿಣ್ವಗಳು ಅದನ್ನು ಒಡೆದು ಮುಗಿಸಿರುತ್ತವೆ. ಯಷ್ಟಿಮಧು, ಅಂದರೆ ಜೇಷ್ಠಮಧುವಿನ ಕಥೆ ಇನ್ನೂ ತಮಾಷೆ. ಕಾಮಸೂತ್ರದ ಕೊನೆಯ ಭಾಗದಲ್ಲಿ ಹಾಲಿಗೆ ಹಾಕಿ ಕುಡಿಯಲು ಹೇಳುವ ಸಾಮಾನುಗಳಲ್ಲಿ ಅದೂ ಒಂದು. 1999ರಲ್ಲಿ ಇಟಲಿಯ ವೈದ್ಯರು 7 ಜನ ಗಂಡಸರಿಗೆ ದಿನಕ್ಕೆ 7 ಗ್ರಾಂ ಯಷ್ಟಿಮಧು ಸತ್ವ ಕೊಟ್ಟು ನೋಡಿದರೆ ಟೆಸ್ಟೋಸ್ಟೆರಾನ್ ಇಳಿಯಿತು! ಆಮೇಲಿನ ಇನ್ನೊಂದು ಅಧ್ಯಯನದಲ್ಲಿ ಅಷ್ಟು ಇಳಿಯಲಿಲ್ಲ, ಹಾಗಾಗಿ ಗಂಟಲು ಕೆರೆತಕ್ಕೆ ಜೇಷ್ಠಮಧು ಜಗಿಯುವವರು ಹೆದರಬೇಕಾಗಿಲ್ಲ. ಏರಿತು ಅಂತ ಮಾತ್ರ ಯಾರೂ ಹೇಳಲಿಲ್ಲ. ಪ್ರಸ್ತದ ರಾತ್ರಿಯ ಹಾಲಿಗೆ ಹಾಕುವ ಕೇಸರಿಗೆ ಸ್ವಲ್ಪ ಮರ್ಯಾದೆ ಉಳಿದಿದೆ. ಖಿನ್ನತೆಯ ಮಾತ್ರೆಯಿಂದ ಆಸೆ ಕುಂದಿದವರಿಗೆ ದಿನಕ್ಕೆ 30 ಮಿಲಿಗ್ರಾಂನಂತೆ ನಾಲ್ಕು ವಾರ ಕೊಟ್ಟ ಇರಾನಿನ ಪ್ರಯೋಗಗಳಲ್ಲಿ ಗುಣ ಕಂಡಿದೆ. ಸಣ್ಣ ಪ್ರಯೋಗಗಳು, ಒಂದು ರಾತ್ರಿಯ ಲೋಟಕ್ಕೆ ಅದನ್ನು ಅನ್ವಯಿಸಲಾಗದು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಆಸೆ ಬೇರೆ, ರಕ್ತ ನುಗ್ಗುವುದು ಬೇರೆ. ಹಳಬರು ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರು. ಆಸೆ ಮೆದುಳಿನ ಕೆಲಸ. ನಿಮಿರುವುದು ರಕ್ತನಾಳದ ಕೆಲಸ, ನರದ ತುದಿಯಿಂದ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಹೊರಟು ನಾಳದ ಸ್ನಾಯು ಸಡಿಲವಾಗಬೇಕು. ಎದೆನೋವಿಗೆ ಅಂತ ತಯಾರಾಗಿ 1998ರಲ್ಲಿ ಬೇರೆ ಕೆಲಸಕ್ಕೆ ಮಾರುಕಟ್ಟೆಗೆ ಬಂದ ವಯಾಗ್ರ, ಅಂದರೆ ಸಿಲ್ಡೆನಾಫಿಲ್, ಈ ಸಡಿಲಿಕೆ ಬೇಗ ಮುಗಿಯದ ಹಾಗೆ ನೋಡಿಕೊಳ್ಳುತ್ತದೆ. ಆಸೆ ಇಲ್ಲದವನಿಗೆ ಆಸೆ ತರುವುದಿಲ್ಲ. ಕಲ್ಲಂಗಡಿಯಲ್ಲಿರುವ ಸಿಟ್ರುಲಿನ್ ಮೈಯಲ್ಲಿ ಆರ್ಜಿನಿನ್ ಆಗಿ, ಅದರಿಂದ ಇದೇ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ ಅಂತ 2008ರಲ್ಲಿ ಟೆಕ್ಸಸ್‌ನ ವಿಜ್ಞಾನಿ ಭೀಮನಗೌಡ ಪಾಟೀಲ ಹೇಳಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಕಲ್ಲಂಗಡಿಯನ್ನು ವಯಾಗ್ರ ಮಾಡಿಬಿಟ್ಟವು. ಹೆಸರು ಕೇಳಿದರೆ ಯಾವ ಕಡೆಯವರು ಅಂತ ಹೇಳಬೇಕಾಗಿಲ್ಲ ಬಿಡಿ. ರಸಾಯನ ಸರಿಯಾಗಿಯೇ ಇದೆ. ಆದರೆ ಇಟಲಿಯ ಒಂದು ಸಣ್ಣ ಪ್ರಯೋಗದಲ್ಲಿ ಗುಣ ಕಂಡದ್ದು ದಿನಕ್ಕೆ 1.5 ಗ್ರಾಂ ಸಿಟ್ರುಲಿನ್‌ನಿಂದ. ಅಷ್ಟಕ್ಕೆ ಒಂದು ಕಿಲೋಗಿಂತ ಜಾಸ್ತಿ ಕಲ್ಲಂಗಡಿ ರಸ ಕುಡಿಯಬೇಕು, ಆಮೇಲೆ ರಾತ್ರಿಯೆಲ್ಲ ಓಡಾಟ ಬಚ್ಚಲಿಗೇ.

ಖಂಡಿತವಾಗಿ ಏನೋ ಆಗುತ್ತದೆ ಅನ್ನುವಂಥದ್ದು ಹಳೆಯ ಪಟ್ಟಿಯಲ್ಲಿ ಒಂದಿತ್ತು, ಅದು ವಿಷ. ಸ್ಪ್ಯಾನಿಷ್ ಫ್ಲೈ ಅನ್ನೋ ಹೆಸರಿನ ಹಸಿರು ದುಂಬಿಯ ಪುಡಿ. ನಮ್ಮ ತೊಗರಿ ಹೊಲಗಳಲ್ಲಿ ಹೂ ತಿನ್ನುವ, ಮುಟ್ಟಿದರೆ ಚರ್ಮದ ಮೇಲೆ ಬೊಬ್ಬೆ ಏಳಿಸುವ ಕಪ್ಪು-ಕಿತ್ತಳೆ ಪಟ್ಟೆಯ ದುಂಬಿ ಇದೆಯಲ್ಲ, ಅದರ ನೆಂಟ. ಇದರಲ್ಲಿರುವ ಕ್ಯಾಂಥರಿಡಿನ್ ಮೂತ್ರದ ದಾರಿಯಲ್ಲಿ ಹೊರಹೋಗುವಾಗ ಒಳಗೆಲ್ಲ ಉರಿ ಎಬ್ಬಿಸುತ್ತದೆ. ಅದನ್ನೇ ಜನ ಉದ್ರೇಕ ಅಂದುಕೊಂಡರು. 19ನೇ ಶತಮಾನದಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೈನಿಕರು ಹೊಟ್ಟೆನೋವು, ಜೊತೆಗೆ ಗಂಟೆಗಟ್ಟಲೆ ಇಳಿಯದ ನೋವಿನ ನಿಮಿರು ಅಂತ ವೈದ್ಯರ ಹತ್ತಿರ ಬಂದರು. ವಿಚಾರಿಸಿದರೆ ಎಲ್ಲರೂ ಕಪ್ಪೆ ತಿಂದವರು. ಆ ಕಪ್ಪೆಗಳ ಹೊಟ್ಟೆ ಕುಯ್ದು ನೋಡಿದರೆ ತುಂಬ ಈ ಜಾತಿಯ ದುಂಬಿಗಳು. 1990ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಕಪ್ಪೆಗಳಿಗೆ ಇಂಥ ದುಂಬಿ ತಿನ್ನಿಸಿ, ವಿಷ ನಿಜವಾಗಿಯೂ ಅವುಗಳ ಮಾಂಸದಲ್ಲಿ ಉಳಿಯುತ್ತದೆ ಅಂತ ತೋರಿಸಿದರು. ಇದರ ಪ್ರಮಾಣ ಸ್ವಲ್ಪ ಹೆಚ್ಚಾದರೆ ಮೂತ್ರಪಿಂಡ ಕೆಟ್ಟು ಸಾವು. ವಿಚಿತ್ರ ಅಂದರೆ ದುಂಬಿಗಳ ಲೋಕದಲ್ಲಿ ಇದು ನಿಜವಾದ ಪ್ರಣಯದ ಕಾಣಿಕೆ, ಗಂಡು ಅದನ್ನು ಕೂಡುವಾಗ ಹೆಣ್ಣಿಗೆ ದಾಟಿಸುತ್ತದೆ, ಹೆಣ್ಣು ಅದನ್ನು ಮೊಟ್ಟೆಗಳ ಕಾವಲಿಗೆ ಬಳಸುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1989ರಲ್ಲೇ ಹೇಳಿಯಾಗಿದೆ, ಅಂಗಡಿಯಲ್ಲಿ ಸಿಗುವ ಯಾವ ಕಾಮೋತ್ತೇಜಕವೂ ಸುರಕ್ಷಿತ ಮತ್ತು ಪರಿಣಾಮಕಾರಿ ಅಂತ ಸಾಬೀತಾಗಿಲ್ಲ. ಆದರೂ ಎಲ್ಲವೂ ಚೂರುಪಾರು ಕೆಲಸ ಮಾಡುತ್ತವೆ, ಯಾಕೆಂದರೆ ಮನಸ್ಸು ಅಲ್ಲಿ ಪಾಲುದಾರ. 1998ರಲ್ಲಿ ಪ್ರಕಟವಾದ ಸಿಲ್ಡೆನಾಫಿಲ್ ಪರೀಕ್ಷೆಯಲ್ಲಿ ಔಷಧಿ ನುಂಗಿದವರ ನೂರು ಪ್ರಯತ್ನಗಳಲ್ಲಿ 69 ಸಫಲವಾದರೆ, ಏನೂ ಇಲ್ಲದ ಸುಳ್ಳು ಮಾತ್ರೆ ನುಂಗಿದವರಲ್ಲೂ 22 ಸಫಲವಾಗಿದ್ದವು. ಆ 22ರಲ್ಲೇ ಸಾವಿರಾರು ವರ್ಷಗಳಿಂದ ವ್ಯಾಪಾರ ನಡೆದಿದೆ.

ಈಗಿನ ವ್ಯಾಪಾರಿಗಳಿಗೆ ಅಷ್ಟರಲ್ಲಿ ತೃಪ್ತಿ ಇಲ್ಲ. ಶುದ್ಧ ಗಿಡಮೂಲಿಕೆ ಅಂತ ಮಾರುವ ಎಷ್ಟೋ ಪುಡಿ, ಕ್ಯಾಪ್ಸೂಲುಗಳಲ್ಲಿ ಹೇಳದೇ ಕೇಳದೇ ಸಿಲ್ಡೆನಾಫಿಲ್ ಬೆರೆಸಿರುವುದನ್ನು ಹಲವು ದೇಶಗಳ ಪ್ರಯೋಗಾಲಯಗಳು ಪದೇ ಪದೇ ಪತ್ತೆ ಮಾಡಿವೆ. ಇದರ ತೊಂದರೆ ಹೃದ್ರೋಗಿಗಳಿಗೆ. ಎದೆನೋವು ಬಂದಾಗ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್‌ನಂಥ ಮಾತ್ರೆಯೂ ನೈಟ್ರಿಕ್ ಆಕ್ಸೈಡ್ ದಾರಿಯಲ್ಲೇ ರಕ್ತನಾಳ ಸಡಿಲಿಸುತ್ತದೆ. ಎರಡೂ ಸೇರಿದರೆ ಬಿಪಿ ಜೀವಕ್ಕೆ ಅಪಾಯವಾಗುವಷ್ಟು ಕುಸಿಯಬಹುದು. ಅದಕ್ಕೇ ಸಿಲ್ಡೆನಾಫಿಲ್ ತೆಗೆದುಕೊಂಡ 24 ಗಂಟೆ ಒಳಗೆ ಆ ಮಾತ್ರೆ ಕೊಡುವುದಿಲ್ಲ. ಆದರೆ ತಾನು ತಿಂದದ್ದು ಬರೀ ಬೇರಿನ ಪುಡಿ ಅಂದುಕೊಂಡಿರುವವನು, ಅದನ್ನೂ ಹೆಂಡತಿ ಮಕ್ಕಳ ಮುಂದೆ ಹೇಳಲು ನಾಚುವವನು, ಎಮರ್ಜೆನ್ಸಿಯಲ್ಲಿ ಡಾಕ್ಟರ್ ಬೇರೇನಾದರೂ ಔಷಧಿ ತಗೊಂಡಿದ್ದೀರಾ ಅಂತ ಕೇಳಿದರೆ ಇಲ್ಲ ಅಂತಲೇ ತಲೆಯಾಡಿಸುತ್ತಾನೆ.